ಆ ಮಷಿನ್ ನನ್ನದು ಎಂದಿದ್ದೆ

ನಾನು ಆ ಸುಳ್ಳು ಹೇಳಿದ್ದು ಹಾಡಹಗಲಿನಲ್ಲಿ, ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, ನಮ್ಮ ಸಾಲಿನ ಅಂಗಡಿಯವರೆಲ್ಲ ಸುತ್ತ ಇರುವಾಗ. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ. ಕೇಳಿದ ಹುಡುಗಿ ನನ್ನ ಮೊಮ್ಮಗಳ ವಯಸ್ಸಿನವಳು, ಮರ್ಯಾದೆಯಿಂದಲೇ ಕೇಳಿದ್ದಳು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದನ್ನು ಬರೆಯಲು ಕೂತಾಗಲೆಲ್ಲ ಮೊದಲು ನನ್ನ ಪರವಾಗಿ ನಾಲ್ಕು ಮಾತು ಬರೆದು, ಆಮೇಲೆ ತಪ್ಪು ಒಪ್ಪಿಕೊಳ್ಳೋಣ ಅನ್ನಿಸುತ್ತದೆ. ಹಾಗೆ ಬರೆದ ಹಾಳೆಗಳನ್ನು ಹರಿದುಹಾಕಿದ್ದೇನೆ.

ಬೀದರಿನಲ್ಲಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನದೊಂದು ಬ್ಯಾಗಿನ ಅಂಗಡಿ. ಶಾಲೆಯ ಚೀಲ, ಊರಿಗೆ ಹೋಗುವವರ ಬ್ಯಾಗು, ಹಾಸ್ಟೆಲ್ಲಿಗೆ ಸೇರುವ ಮಕ್ಕಳಿಗೆ ತಗಡಿನ ಟ್ರಂಕು. ಅಂಗಡಿಯ ಮುಂದೆ ಚರಂಡಿಯ ಮೇಲೆ ಕಲ್ಲುಚಪ್ಪಡಿ ಹಾಸಿ ಕಟ್ಟಿದ ಮೊಣಕಾಲೆತ್ತರದ ಕಟ್ಟೆ ಇತ್ತು. ನಮ್ಮ ಸಾಲಿನ ಎಲ್ಲ ಅಂಗಡಿಗಳಿಗೂ ಅಂಥ ಕಟ್ಟೆಗಳಿದ್ದವು, ಪ್ರತಿ ಕಟ್ಟೆಯ ಮೇಲೂ ಯಾರಾದರೂ ಕೂತಿರುತ್ತಿದ್ದರು. ಚಹಾದಂಗಡಿಯ ಕಟ್ಟೆಯಲ್ಲಿ ಹೂ ಮಾರುವಾಕೆ, ಔಷಧದಂಗಡಿಯ ಕಟ್ಟೆಯಲ್ಲಿ ಬೀಗ ರಿಪೇರಿ ಮಾಡುವವನು. ಬಾಡಿಗೆ ಎಂದು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕಟ್ಟೆಯವರು ಬೆಳಿಗ್ಗೆ ಅಂಗಡಿಯ ಮುಂದೆ ಗುಡಿಸಿ ನೀರು ಹೊಡೆಯಬೇಕು, ಅಂಗಡಿಯವನು ಊಟಕ್ಕೆ ಹೋದಾಗ ಒಳಗೆ ಕಣ್ಣಿಟ್ಟಿರಬೇಕು. ಅದಕ್ಕೆ ಪ್ರತಿಯಾಗಿ ಕೂರಲು ಜಾಗ. ಇದಕ್ಕೆ ಕಾಗದವಿಲ್ಲ, ಕರಾರಿಲ್ಲ. ನಾನು ಅಂಗಡಿ ಹಾಕುವ ಮೊದಲಿನಿಂದಲೂ ಹೀಗೇ ನಡೆದಿತ್ತು.

ನನ್ನ ಕಟ್ಟೆಯ ಮೇಲೆ ಮೊದಲು ಒಬ್ಬ ಮುಸಲ್ಮಾನ ಗೃಹಸ್ಥರು ಕೂರುತ್ತಿದ್ದರು. ಹರಿದ ಬ್ಯಾಗು ಹೊಲಿಯುವುದು, ಕೆಟ್ಟ ಜಿಪ್ಪಿಗೆ ಹೊಸ ರನ್ನರ್ ಹಾಕುವುದು, ಬಸ್ ಕಂಡಕ್ಟರುಗಳ ಚರ್ಮದ ಚೀಲ ದುರಸ್ತಿ ಮಾಡುವುದು ಅವರ ಕೆಲಸ. ಬಸ್ ಹೊರಡುವ ಹೊತ್ತಿಗೇ ಜನರ ಜಿಪ್ಪು ಕಿತ್ತುಹೋಗುವುದು. ಹಾಗಾಗಿ ಅವರಿಗೆ ಕೆಲಸ ಇಲ್ಲದ ದಿನ ಇರಲಿಲ್ಲ. ಅವರು ತೀರಿಕೊಂಡ ಮೇಲೆ, ಗಂಡ ಸತ್ತ ಹೆಂಗಸರು ಅವರಲ್ಲಿ ಮನೆಯೊಳಗೇ ಕಳೆಯುವ ದಿನಗಳನ್ನು ಮುಗಿಸಿಕೊಂಡು, ಅವರ ಹೆಂಡತಿ ಒಂದು ಬೆಳಿಗ್ಗೆ ಬಂದರು. ಗಂಡನ ಜಾಗದಲ್ಲಿ ತಾನು ಕೂತರೆ ನಡೆಯುತ್ತದೆಯೇ ಎಂದು ಕೇಳಿದರು. ಕೂಡ್ರಿ ಆಪಾ, ಇದಕ್ಕೇನು ಕೇಳ್ತೀರಿ ಎಂದೆ. ಆ ದಿನದಿಂದ ಸಾಲಿನವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆದರು. ಗಂಡನದು ಸೂಜಿದಬ್ಬಣದ ಕೆಲಸ. ಆಪಾ ತನ್ನ ಬಂಗಾರದ ಓಲೆ ಮಾರಿ ದಪ್ಪ ಬಟ್ಟೆ ಹೊಲಿಯುವ ಮಷಿನ್ ತಂದರು. ತಂದ ದಿನ ಸಾಲಿಗೆಲ್ಲ ಪೇಡೆ ಹಂಚಿದರು. ನಾನೂ ಒಂದು ತಿಂದೆ.

ನನಗೂ ಆಪಾ ಇದ್ದದ್ದರಿಂದ ಲಾಭವೇ ಇತ್ತು. ರಿಪೇರಿಗೆಂದು ಬಂದವರಿಗೆ, "ಇದರ ಆಯುಷ್ಯ ಮುಗದದ, ಒಳಗ ಹೋಗ್ರಿ, ಸಾವ್ಕಾರ್ರು ಕಡಿಮಿ ಮಾಡಿ ಕೊಡ್ತಾರ" ಎಂದು ಕಳಿಸುತ್ತಿದ್ದರು. ಹಾಗೆ ಒಳಗೆ ಬಂದವರು ಬರಿಗೈಲಿ ಹೋಗುತ್ತಿದ್ದುದು ಕಡಿಮೆ.

ಹೀಗಿರುವಾಗ ಹಳೆಯ ಬಸ್ ನಿಲ್ದಾಣ ಕೆಡವಿ ಹೊಸದು ಕಟ್ಟುವ ಕೆಲಸ ಶುರುವಾಯಿತು. ಬಸ್ಸುಗಳನ್ನು ಊರಾಚೆಯ ನೌಬಾದಿನ ಕಡೆಗೆ ಕಳಿಸಿದರು. ನಮ್ಮ ಎದುರಿಗೆ ಉದ್ದಕ್ಕೂ ತಗಡಿನ ಗೋಡೆ ನಿಂತಿತು. ಬಸ್ಸು ತಿರುಗಲು ರಸ್ತೆ ಅಗಲ ಮಾಡುತ್ತೇವೆಂದು ರಸ್ತೆಯನ್ನೂ ಅಗೆದರು. ನಮ್ಮ ಊರಿನ ನೆಲ ಕೆಂಪು ಕಲ್ಲಿನದು. ಅಗೆದರೆ ಏಳುವ ಧೂಳೂ ಕೆಂಪೇ. ಗಾಜಿನ ಒಳಗಿಟ್ಟ ಬಿಳಿ ಬ್ಯಾಗುಗಳೂ ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದವು. ಔರಾದಿಗೆ, ಭಾಲ್ಕಿಗೆ ಹೋಗುವವರ ಗದ್ದಲದಿಂದ ಬದುಕಿದ್ದ ಸಾಲು ಒಮ್ಮೆಲೇ ಮೌನವಾಯಿತು. ಚಹಾದಂಗಡಿಯವನು ಹಾಲು ತರಿಸುವುದನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಅದರ ಅರ್ಧಕ್ಕೆ ಇಳಿಸಿದ. ಔಷಧದಂಗಡಿಯವನು ಕೆಲಸದ ಹುಡುಗರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದ.

ಆಪಾ ಒಂದು ಉಪಾಯ ಮಾಡಿಕೊಂಡರು. ಬೆಳಿಗ್ಗೆ ನೌಬಾದಿಗೆ ಹೋಗಿ ಬಸ್ಸು ನಿಲ್ಲುವಲ್ಲಿ ಓಡಾಡಿ, ಕಂಡಕ್ಟರುಗಳ, ಹಳ್ಳಿಯಿಂದ ಬರುವವರ ಹರಿದ ಚೀಲಗಳನ್ನು ಕೂಡಿಸಿ ತರುವುದು. ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕೂತು ಹೊಲಿಯುವುದು. ಮಾರನೇ ದಿನ ಒಯ್ದು ಕೊಡುವುದು. ಭಾರದ ಮಷಿನನ್ನು ಹೊತ್ತು ಓಡಾಡುವುದು ಆಗದ ಕಾರಣ ಅದು ನಮ್ಮಲ್ಲೇ ಇರುತ್ತಿತ್ತು. ಜನವಾಡದಿಂದ ಬೈಕಿನಲ್ಲಿ ಬರುತ್ತಿದ್ದ ಗಿರಾಕಿಗಳು ಮಾತ್ರ ಆಕೆಯನ್ನು ಹುಡುಕಿಕೊಂಡು ಸಾಲಿನವರೆಗೂ ಬರುತ್ತಿದ್ದರು. ಹೀಗೆ ದಿನಕ್ಕೆ ಸಿಗುತ್ತಿದ್ದುದರಲ್ಲಿ ಆಟೋದ ಖರ್ಚು ಕಳೆದರೆ ಮನೆಬಾಡಿಗೆಗೇ ಸಾಲದು ಎಂಬುದು ನನಗೆ ಗೊತ್ತಿತ್ತು. ಹೊಸ ನಿಲ್ದಾಣ ಆಗುವ ತನಕ ಹೇಗೋ ತಡೆದುಕೊಂಡರೆ ಸಾಕು ಎಂದು ಆಕೆ ಹೇಳುತ್ತಿದ್ದರು. ಬೀದರ ಬಿಡಬೇಕಾದರೆ ಭಾಲ್ಕಿಯಲ್ಲಿ ಮಗಳ ಮನೆ. ಅಳಿಯನ ಮನೆಯಲ್ಲಿ ಕೂತು ಉಣ್ಣುವುದು ಆಕೆಗೆ ಬೇಡವಾಗಿತ್ತು.

ವ್ಯಾಪಾರ ನಿಂತದ್ದಕ್ಕೆ ಅಂಗಡಿಯವರೆಲ್ಲ ಸೇರಿ ಸರ್ಕಾರದಿಂದ ಪರಿಹಾರ ಕೇಳೋಣ ಎಂದು ತೀರ್ಮಾನಿಸಿದೆವು. ಕಚೇರಿಯಲ್ಲಿ ಮಾತಾಡಲು ನನ್ನನ್ನು ಮುಂದೆ ಮಾಡಿದರು. ನಾನು ಔರಾದಿನ ಹೈಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿದವನು, ವಯಸ್ಸಾದವನು, ದೊಡ್ಡವರ ಎದುರು ಹೆದರದೆ ಮಾತಾಡುವವನು ಎಂಬ ಹೆಸರು ಬೇರೆ. ಕಚೇರಿಯ ಸಭೆಯಲ್ಲಿ ನಾನು ಎದ್ದು ನಿಂತು, ಶಟರ್ ಇರುವ ಅಂಗಡಿಗಳಿಗೆ ಮಾತ್ರ ಕೊಟ್ಟರೆ ಅದು ನ್ಯಾಯವಲ್ಲ, ನಮ್ಮ ಕಟ್ಟೆಗಳ ಮೇಲೆ ಕೂತು ಬದುಕುವ ಬಡವರಿಗೂ ಕೊಡಬೇಕು ಎಂದೆ. ಅವರ ಹತ್ತಿರ ಲೈಸೆನ್ಸ್ ಎಲ್ಲಿದೆ ಎಂದು ಸಾಹೇಬರು ಕೇಳಿದರು. ಲೈಸೆನ್ಸ್ ಇಲ್ಲದಿದ್ದರೆ ಏನಾಯಿತು, ಕಟ್ಟೆಯ ಹಿಂದಿನ ಅಂಗಡಿಯವನು ಪಂಚರ ಎದುರು ಹೌದು ಇವರು ಇಲ್ಲಿ ವ್ಯಾಪಾರ ಮಾಡುತ್ತಾರೆ ಎಂದು ಹೇಳಿದರೆ ಸಾಲದೇ ಎಂದೆ. ಅವರು ಒಪ್ಪಿದರು. ಜನ ಚಪ್ಪಾಳೆ ತಟ್ಟಿದರು. ಹೊರಗೆ ಬಂದಾಗ ಹೂವಿನಾಕೆ ಕಾಲು ಮುಟ್ಟಲು ಬಂದಳು. ಆಪಾ ದೂರದಲ್ಲಿ ನಿಂತು ಕೈಯೆತ್ತಿ ಸಲಾಂ ಮಾಡಿದರು. ಅಂದು ರಾತ್ರಿ ಊಟಕ್ಕೆ ಕೂತಾಗ ನಾನು ಆ ಸಭೆಯ ಕಥೆಯನ್ನು ಹೆಂಡತಿಗೆ ಎರಡು ಸಲ ಹೇಳಿದೆ. ಆ ನಿಯಮ ನನ್ನ ಬಾಯಿಂದಲೇ ಬಂದದ್ದು. ಅದನ್ನು ಮುರಿದವನೂ ನಾನೇ.

ಮೊದಲ ಮೂರು ಅಂಗಡಿಗಳ ತಪಾಸಣೆಗೆ ಹೋದಾಗ ನಾನೇ ಪಂಚರಲ್ಲಿ ಒಬ್ಬ. ಕಚೇರಿಯಿಂದ ಬಂದ ಹುಡುಗಿಯೊಬ್ಬಳು ಫೋನಿನಲ್ಲಿ ಹೆಸರು ಹಾಕಿಕೊಳ್ಳುತ್ತಿದ್ದಳು. ಕಟ್ಟೆಯವರನ್ನು ಅವರ ಸಾಮಾನಿನ ಪಕ್ಕ ನಿಲ್ಲಿಸಿ, ಅಂಗಡಿಯ ಬೋರ್ಡು ಕಾಣುವಂತೆ ಫೋಟೋ ತೆಗೆಯುತ್ತಿದ್ದಳು. ಚಹಾದಂಗಡಿಯ ಮುಂದೆ ಹೂವಿನಾಕೆ ನಿಂತಿದ್ದನ್ನು ನೋಡಿದೆ. ಬೋರ್ಡು, ಕಟ್ಟೆ, ಹೆಂಗಸು, ಹೆಸರು, ಎಲ್ಲ ಒಂದೇ ಫೋಟೋದಲ್ಲಿ, ಸರ್ಕಾರದ ಕೈಯಲ್ಲಿ. ನನಗೆ ಅಪ್ಪನ ಹೊಲ ನೆನಪಾಯಿತು.

ಅದನ್ನು ಹೇಳದಿದ್ದರೆ ಓದುವವರಿಗೆ ನನ್ನ ತಲೆ ಹೇಗೆ ಓಡಿತು ಎಂಬುದು ತಿಳಿಯುವುದಿಲ್ಲ. ನಮ್ಮ ಮೂಲ ಊರು ಔರಾದ ತಾಲ್ಲೂಕಿನ ಎಕಂಬಾ. ಅಲ್ಲಿ ನಮ್ಮ ಹೊಲವನ್ನು ತಾತನ ಕಾಲದಿಂದ ಒಂದು ಮನೆತನದವರು ಉಳುತ್ತಿದ್ದರು. ಬಾಯಿಮಾತಿನ ಮೇಲೆ ಕೊಟ್ಟದ್ದು. ಒಂದು ವರ್ಷ ಪಹಣಿಯಲ್ಲಿ ಕಬ್ಜೆ, ಅಂದರೆ ಸ್ವಾಧೀನ, ಎಂಬ ಕಡೆ ಅವರ ಹೆಸರು ಬಂತು. ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂದಾಗ ಹೊಲ ಅವರದಾಯಿತು. ನಾನು ಆಗ ಔರಾದಿನಲ್ಲಿ ಓದುತ್ತಿದ್ದೆ. ಅಪ್ಪ ತಹಸೀಲು ಕಚೇರಿಯಿಂದ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನನ್ನ ಪಕ್ಕ ಕೂತು, ಬುತ್ತಿ ಬಿಚ್ಚದೆ ಹೇಳಿದ್ದು ಹೀಗೆ: "ಯಾರಿಗರ ಕೂಡ್ಲಿಕ್ಕಿ ಜಾಗಾ ಕೊಡು, ಉಣ್ಲಿಕ್ಕಿ ಕೊಡು. ಸರ್ಕಾರದ ಕಾಗದದಾಗ ಅವರ ಹೆಸರು ಮಾತ್ರ ಬರೀಗೊಡಬ್ಯಾಡ." ಆ ಮನೆತನದವರು ಎಷ್ಟು ವರ್ಷ ಆ ಹೊಲದಲ್ಲಿ ಬೆವರು ಸುರಿಸಿದ್ದರು ಎಂದು ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮ ಕಡೆ ಕಬ್ಜೆ ಎಂಬ ಮಾತಿಗೆ ಹೆದರುವವರ ಮನೆಗಳು ಇನ್ನೂ ಬೇಕಾದಷ್ಟಿವೆ. ಪರಿಹಾರದ ಫೋಟೋದಿಂದ ಕಟ್ಟೆ ಕೈಬಿಡುವುದಿಲ್ಲ ಎಂದು ಒಬ್ಬ ವಕೀಲನನ್ನು ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ.

ಆ ದಿನ ಬೆಳಿಗ್ಗೆ ಆಪಾ ನೌಬಾದಿಗೆ ಹೊರಟಾಗ ಒಂದು ಮಾತು ಹೇಳಿ ಹೋಗಿದ್ದರು. ತಪಾಸಣೆಯವರು ಬಂದರೆ ಒಂದು ಫೋನ್ ಮಾಡಿ, ಆಟೋ ಹಿಡಿದು ಬಂದುಬಿಡುತ್ತೇನೆ ಎಂದು. ಫೋನು ನನ್ನ ಅಂಗಿಯ ಜೇಬಿನಲ್ಲಿತ್ತು. ನಾನು ಮಾಡಲಿಲ್ಲ.

ಹುಡುಗಿ ನನ್ನ ಅಂಗಡಿಯ ಮುಂದೆ ನಿಂತು ಬಟ್ಟೆ ಮುಚ್ಚಿದ ಮಷಿನನ್ನು ನೋಡಿದಳು.

"ಇಲ್ಲಿ ಕಟ್ಟಿ ಮ್ಯಾಲ ಯಾರರ ಕೂಡ್ತಾರೇನ್ರಿ ಅಜ್ಜಾರ?"

"ಯಾರೂ ಇಲ್ಲವ್ವಾ."

"ಮತ್ತ ಈ ಮಷಿನ್?"

"ನಂದೇ. ಅಂಗಡಿ ಕೆಲಸಕ್ಕ ಇಟ್ಟೇನಿ."

ಚಹಾದಂಗಡಿಯವನು, ಔಷಧದಂಗಡಿಯವನು ಇಬ್ಬರೂ ಪಕ್ಕದಲ್ಲೇ ಇದ್ದರು. ಇಬ್ಬರಿಗೂ ಗೊತ್ತಿತ್ತು. ಒಬ್ಬ ತಗಡಿನ ಗೋಡೆಯ ಕಡೆ ನೋಡಿದ. ಇನ್ನೊಬ್ಬ ಕೆಮ್ಮಿದ. ಅವರ ಪರವಾಗಿ ಕಚೇರಿಯಲ್ಲಿ ಮಾತಾಡಿದ ಹಿರಿಯ ನಾನು. ನನ್ನ ಮಾತಿಗೆ ಎದುರಾಡುವುದು ಅವರಿಂದ ಆಗಲಿಲ್ಲ. ಹುಡುಗಿ ನನ್ನನ್ನೇ ಮಷಿನಿನ ಪಕ್ಕ ನಿಲ್ಲಿಸಿದಳು. ಅದರ ಮೇಲೆ ಕೈ ಇಡಿ ಎಂದಳು. ಇಟ್ಟೆ. ಸ್ವಲ್ಪ ನಗ್ರಿ ಎಂದಳು. ನಕ್ಕೆ.

ಮಧ್ಯಾಹ್ನ ಆಪಾ ಚೀಲಗಳ ಗಂಟು ಹೊತ್ತು ಬಂದಾಗ, ತಪಾಸಣೆಯವರು ಬಂದಿದ್ದರಂತಲ್ಲ ಎಂದು ಕೇಳಿದರು. ಬಂದಿದ್ದರು, ಈಗ ಶಟರ್‌ನವರದು ಮಾತ್ರ ಬರೆದುಕೊಂಡು ಹೋದರು, ಕಟ್ಟೆಯವರದು ಆಮೇಲೆ ಎಂದೆ. ಹೌದೇನ್ರಿ ಎಂದು ಸೀರೆಯ ಸೆರಗಿನಿಂದ ಮುಖದ ಕೆಂಪು ಧೂಳು ಒರೆಸಿಕೊಂಡು ಕೆಲಸಕ್ಕೆ ಕೂತರು. ನನ್ನ ಮಾತನ್ನು ಅನುಮಾನಿಸಬೇಕು ಎಂದೇ ಆಕೆಗೆ ಹೊಳೆಯಲಿಲ್ಲ. ಸಂಜೆ ಮನೆಗೆ ಹೋಗುವ ಮೊದಲು ಎಂದಿನಂತೆ ನನ್ನ ಶಟರ್ ಎಳೆಯಲು ಒಂದು ಕಡೆಯಿಂದ ಕೈಕೊಟ್ಟರು.

ಕೆಲವು ವಾರಗಳ ಮೇಲೆ ಪರಿಹಾರ ಬ್ಯಾಂಕಿಗೆ ಬಿತ್ತು. ನನ್ನ ಖಾತೆಗೆ ಬಿದ್ದದ್ದು ಉಳಿದ ಅಂಗಡಿಯವರಿಗಿಂತ ಹೆಚ್ಚಾಗಿತ್ತು. ಯಾಕೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾರಾಟದ ಜೊತೆ ದುರಸ್ತಿಯ ಕೆಲಸವೂ ಇರುವ ಅಂಗಡಿ ಎಂದು ನನ್ನನ್ನು ಸೇರಿಸಿದ್ದರು. ಮಷಿನಿನ ಮೇಲೆ ಕೈಯಿಟ್ಟು ನಕ್ಕದ್ದಕ್ಕೆ ಅದು. ನಾನು ಆ ಹಣಕ್ಕಾಗಿ ಸುಳ್ಳು ಹೇಳಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ವಾಪಸು ಮಾಡಲೂ ಹೋಗಲಿಲ್ಲ. ಹೋದರೆ ಕೇಸು ಮಾಡುತ್ತಾರೇನೋ ಎಂಬ ಹೆದರಿಕೆ ಒಂದು. ಇನ್ನೊಂದು ಕಾರಣವನ್ನೂ ಬರೆಯಬೇಕು. ನನಗೂ ಆಗ ಕೈ ಬಿಗಿಯಾಗಿತ್ತು, ಹಣ ಬಂದದ್ದು ಒಳ್ಳೆಯದೇ ಆಯಿತು ಅನ್ನಿಸಿತ್ತು.

ಹೂವಿನಾಕೆಗೂ ಹಣ ಬಂದಿತ್ತು. ಆಕೆ ಖುಷಿಯಿಂದ ಎಲ್ಲರಿಗೂ ಫೋನ್ ತೋರಿಸುತ್ತ ಬಂದು ಆಪಾಗೂ ತೋರಿಸಿದಳು. ನಿನಗೆಷ್ಟು ಬಂತು ಎಂದು ಕೇಳಿದಳು. ನಾನು ಒಳಗೆ ಬಿಲ್ಲು ಹುಡುಕುವವನಂತೆ ಗಲ್ಲಾದೊಳಗೆ ತಲೆ ಬಗ್ಗಿಸಿದೆ. ಹೊರಗೆ ಮಷಿನ್ ನಿಂತಿತು. ಹೂವಿನಾಕೆ ಏನೋ ಪಿಸುಗುಟ್ಟಿದಳು. ಮತ್ತೆ ಮಷಿನ್ ಶುರುವಾಯಿತು, ಕೈಯಲ್ಲಿದ್ದ ಚೀಲ ಮುಗಿಯುವವರೆಗೆ ನಡೆಯಿತು. ಆಮೇಲೆ ಆಪಾ ಬಾಗಿಲಿಗೆ ಬಂದು ನಿಂತರು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತರು, ಗಿರಾಕಿಯಂತೆ.

"ಮಷಿನ್ ನಿಮ್ಮದಂತ ಹೇಳೀರಂತ. ನಾ ಒಯ್ಯಬೇಕಂತೇನಿ. ಒಯ್ಯಲೇನ್ರಿ?"

ಬೈದಿದ್ದರೆ ಏನಾದರೂ ಹೇಳುತ್ತಿದ್ದೆ. ಆಕೆಯ ದನಿಯಲ್ಲಿ ಕುಹಕವೂ ಇರಲಿಲ್ಲ. ಸರ್ಕಾರದವರ ಹತ್ತಿರ ಹಾಗೆ ಬರೆಸಿದ ಮೇಲೆ ಕೇಳದೆ ಒಯ್ದರೆ ಕಳ್ಳತನವಾಗುತ್ತದೆಯೇನೋ ಎಂದು ನಿಜವಾಗಿಯೂ ಹೆದರಿದ್ದರು. ಓಲೆ ಮಾರಿ ತಂದ ಮಷಿನಿಗೆ ನನ್ನ ಅಪ್ಪಣೆ ಕಾಯುತ್ತ ನಿಂತಿದ್ದರು. ನಾನು ತಲೆಯಾಡಿಸಿದೆ. ಅಷ್ಟೇ ಮಾಡಿದೆ. ಎದ್ದು ಹೋಗಿ ಒಂದು ಕೈ ಕೊಡಲೂ ಇಲ್ಲ. ಬೀಗದವನೂ ಆಟೋದವನೂ ಸೇರಿ ಮಷಿನ್ ಏರಿಸಿದರು. ಹೋಗುವಾಗ ಆಪಾ ಮೂಲೆಯಲ್ಲಿದ್ದ ಪೊರಕೆಯನ್ನು ಒಳಗೆ ಒರಗಿಸಿಟ್ಟು, ಇದು ನಿಮ್ಮ ಅಂಗಡಿಯದು ಎಂದು ಹೇಳಿ ಹೋದರು. ವಾರದೊಳಗೆ ಬಾಡಿಗೆ ಮನೆ ಬಿಟ್ಟು ಭಾಲ್ಕಿಗೆ ಹೋದರು ಎಂದು ತಿಳಿಯಿತು.

ಆಮೇಲೆ ನಡೆದದ್ದನ್ನು ಬರೆಯುವಾಗ ನನಗೆ ನಗು ಬರಬೇಕು, ಬರುವುದಿಲ್ಲ. ಚರಂಡಿ ಹೊಸದಾಗಿ ಕಟ್ಟುವವರು ಬಂದು ಸಾಲಿನ ಎಲ್ಲ ಕಟ್ಟೆಗಳನ್ನೂ ಒಂದೇ ದಿನದಲ್ಲಿ ಕಿತ್ತುಹಾಕಿದರು. ಚರಂಡಿಯೂ ಅದರ ಮೇಲಿನ ಜಾಗವೂ ಸರ್ಕಾರದ್ದು, ನೀವು ಇಷ್ಟು ದಿನ ಅತಿಕ್ರಮಣ ಮಾಡಿಕೊಂಡಿದ್ದಿರಿ ಎಂದರು. ಜೆಸಿಬಿ ನನ್ನ ಚಪ್ಪಡಿಗಳನ್ನು ಎತ್ತಿ ಟ್ರ್ಯಾಕ್ಟರಿಗೆ ಹಾಕುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಯಾರಿಗೂ ಸಿಗಬಾರದೆಂದು ನಾನು ಕಾಪಾಡಿದ ಕಟ್ಟೆ ಎಂದೂ ನನ್ನದಾಗಿರಲೇ ಇಲ್ಲ. ಕಬ್ಜೆ ಮಾಡಿದವನು ನಾನೇ ಆಗಿದ್ದೆ.

ಆಗಲೂ ನಾನು ತಕ್ಷಣ ಭಾಲ್ಕಿಗೆ ಹೋಗಲಿಲ್ಲ. ಇವತ್ತು ಗಿರಾಕಿ ಬರುತ್ತಾರೆ, ನಾಳೆ ಮೊಣಕಾಲು ನೋವು ಎಂದು ದಿನ ದೂಡಿದೆ. ಒಂದು ಸಂಜೆ ಹೆಂಡತಿ, ಆಪಾ ಯಾಕೆ ಬಿಟ್ಟು ಹೋದಳು, ನೀವು ಹೇಳಲೇ ಇಲ್ಲವಲ್ಲ ಎಂದಳು. ಮಗಳ ಹತ್ತಿರ ಇರಬೇಕೆನ್ನಿಸಿರಬೇಕು ಎಂದೆ. ಹೆಂಡತಿ ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಇನ್ನು ಮನೆಯಲ್ಲೂ ಸುಳ್ಳು ಹೇಳಿಕೊಂಡು ಇರಬೇಕಾಗುತ್ತದೆ ಎಂದು ಆಗ ಅನ್ನಿಸಿತು. ಮರುದಿನ ಬ್ಯಾಂಕಿಗೆ ಹೋದೆ, ಅಲ್ಲಿಂದ ನೌಬಾದಿಗೆ ಹೋಗಿ ಭಾಲ್ಕಿಯ ಬಸ್ ಹತ್ತಿದೆ.

ಮಗಳ ಮನೆ ರೈಲು ನಿಲ್ದಾಣದ ಕಡೆಯ ಓಣಿಯಲ್ಲಿ. ಮನೆಯ ಮುಂದಿನ ಪಡಸಾಲೆಯಲ್ಲಿ ಮಷಿನ್ ಇತ್ತು. ಆಪಾ ಶಾಲೆಯ ಚೀಲಕ್ಕೆ ಪಟ್ಟಿ ಹೊಲಿಯುತ್ತಿದ್ದರು. ಓಣಿಯಲ್ಲಿ ಓಡಾಡುವ ಜನ ಕಡಿಮೆ. ಅಲ್ಲಿ ಬ್ಯಾಗಿನ ಜಿಪ್ಪು ಹರಿದುಕೊಂಡು ಯಾರೂ ಬರಲಾರರು ಎಂಬುದು ನೋಡಿದ ಕೂಡಲೇ ತಿಳಿಯುವಂತಿತ್ತು. ನನ್ನನ್ನು ಕಂಡು ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಬರ್ರಿ ಸಾವ್ಕಾರ್ರ ಎಂದರು. ಮಗಳು ಚಹಾ ತಂದು ಇಟ್ಟು ಹೋದಳು. ಆಕೆ ನನ್ನ ಮುಖ ನೋಡಲಿಲ್ಲ.

ನಾನು ಎಲ್ಲ ಹೇಳಿದೆ. ಅಪ್ಪನ ಹೊಲದ ಕಥೆಯನ್ನೂ ಹೇಳಿದೆ. ಆಪಾ ಕೇಳುತ್ತ, ಕೈಯಲ್ಲಿದ್ದ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತ ಇದ್ದರು. ಹೊಲದ ಮಾತು ಬಂದಾಗ ಮಾತ್ರ, "ನನಗ ಆ ಕಟ್ಟಿ ಏನ್ ಮಾಡ್ಲಿಕ್ಕಿ ಬೇಕಿತ್ರಿ" ಎಂದರು. ನನಗೆ ಹೆಚ್ಚಾಗಿ ಬಂದಿದ್ದ ಹಣದ ಲಕೋಟೆ ಮುಂದಿಟ್ಟೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಬೇಡ ಎಂದು, ದೊಡ್ಡ ಮನಸ್ಸಿನಿಂದ ನನ್ನನ್ನು ಬಿಟ್ಟುಬಿಡುತ್ತಾರೆ ಎಂಬ ಆಸೆ ಒಳಗಿತ್ತು. ಆಪಾ ಲಕೋಟೆ ತೆಗೆದುಕೊಂಡು, ಇದು ನಂದೇ ಅದ ಎಂದು ಹೇಳಿ ಮಷಿನಿನ ಖಾನೆಯಲ್ಲಿಟ್ಟರು. ಅದು ಸರಿಯಾಗಿಯೇ ಇತ್ತು. ಆದರೂ ನನಗೆ ಮುಖ ಎತ್ತಲು ಆಗಲಿಲ್ಲ.

ಹೊಸ ನಿಲ್ದಾಣ ಇನ್ನೇನು ತೆರೆಯುತ್ತದೆ, ಕಟ್ಟೆ ಇಲ್ಲದಿದ್ದರೆ ಏನಾಯಿತು, ಅಂಗಡಿಯ ಒಳಗೇ ಬಾಗಿಲ ಹತ್ತಿರ ಜಾಗ ಮಾಡಿಕೊಡುತ್ತೇನೆ, ಬನ್ನಿ ಎಂದೆ. ಬೇಕಾದರೆ ಸ್ಟ್ಯಾಂಪ್ ಕಾಗದದಲ್ಲಿ ಬರೆದು ಕೊಡುತ್ತೇನೆ ಎಂದೆ. ನನಗೆ ಅಲ್ಲಿಯವರೆಗೆ ಗೊತ್ತಿರದ ಒಂದು ಸಂಗತಿ ಆಗ ಆಪಾ ಮಾತಿನಿಂದ ತಿಳಿಯಿತು. ಮಷಿನ್ ಸಾವ್ಕಾರರದಂತೆ, ಆಪಾ ಇಷ್ಟು ವರ್ಷ ಅವರಲ್ಲಿ ಕೂಲಿಗಿದ್ದಳಂತೆ, ಅವಳ ಗಂಡನೂ ಹಾಗೇ ಇದ್ದನಂತೆ ಎಂಬ ಮಾತು ನೌಬಾದಿನ ಕಂಡಕ್ಟರುಗಳವರೆಗೂ ಹೋಗಿತ್ತು. ಆಕೆಗೆ ಹಣ ಹೋದದ್ದಕ್ಕಿಂತ ಅದು ಹೆಚ್ಚು ನೋವು ಮಾಡಿತ್ತು.

"ನಮ್ಮವರು ಯಾರ ಹಂತೇಲೂ ಕೂಲಿ ಮಾಡ್ಲಿಲ್ರಿ. ನೀವು ಅಲ್ಲಿ ಎಲ್ಲಾರ ಮುಂದ ಅಷ್ಟು ಹೇಳ್ರಿ. ನಾ ಬರ್ತೇನಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮೊದಲು ಕಚೇರಿಗೆ ಹೋದೆ. ತಪಾಸಣೆಗೆ ಬಂದಿದ್ದ ಹುಡುಗಿ ಬೇರೆ ಊರಿಗೆ ಹೋಗಿದ್ದಳು. ಅಲ್ಲಿದ್ದವರು, ಪರಿಹಾರದ ಕೆಲಸ ಮುಗಿದಿದೆ, ಈಗ ಅದನ್ನೆಲ್ಲ ಯಾಕೆ ಕೆದಕುತ್ತೀರಿ, ಮನೆಗೆ ಹೋಗಿ ಆರಾಮ ಇರಿ ಎಂದರು. ನನ್ನ ತಪ್ಪನ್ನು ಬರೆದು ತಂದಿದ್ದ ಕಾಗದ ಕೊಟ್ಟು ಬಂದೆ. ಆಮೇಲೆ ಚಹಾದಂಗಡಿಗೆ ಹೋದೆ. ಸಾಲಿನವರು ಮಧ್ಯಾಹ್ನ ಕೂಡುವ ಹೊತ್ತು. ಹೂವಿನಾಕೆಯೂ ಇದ್ದಳು, ಬೀಗದವನೂ ಇದ್ದ. ನಾನು ಕೂರಲಿಲ್ಲ. ನಿಂತುಕೊಂಡೇ, ಆ ಮಷಿನ್ ಆಪಾ ತನ್ನ ಬಂಗಾರ ಮಾರಿ ತಂದದ್ದು, ಆಕೆಯೂ ಆಕೆಯ ಗಂಡನೂ ಎಂದೂ ನನ್ನ ಆಳಾಗಿರಲಿಲ್ಲ, ಪರಿಹಾರದ ಹೊತ್ತಿಗೆ ನಾನು ಸುಳ್ಳು ಹೇಳಿ ಆಕೆಗೆ ಬರಬೇಕಾದದ್ದನ್ನು ತಪ್ಪಿಸಿದೆ, ಕಬ್ಜೆಯಾದೀತೆಂದು ಹೆದರಿ ಹಾಗೆ ಮಾಡಿದೆ ಎಂದೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

ಹೂವಿನಾಕೆ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು. ಬೀಗದವನು ಲೋಟ ಕೆಳಗಿಟ್ಟ. ಔಷಧದಂಗಡಿಯವನು ಮೊದಲು ಮಾತಾಡಿದ. ತನ್ನ ಮುಂದೆ ಕೂರುತ್ತಿದ್ದ ಬೀಗದವನು ಅಲ್ಲೇ ಇದ್ದಾನೆ ಎಂಬುದನ್ನೂ ಲೆಕ್ಕಿಸದೆ ಹೇಳಿದ.

"ಛಲೋ ಮಾಡಿದ್ರಿ ಬಿಡ್ರಿ. ನಾವು ಹೆಸರು ಬರೆಸಿ ಹುಚ್ಚರಾದೇವಿ. ನಾಳಿಗಿ ಕಟ್ಟಿಯವ್ರು ಬಂದು ಚರಂಡಿ ಮ್ಯಾಲಿನ ಹೊಸಾ ಫುಟ್‌ಪಾತ್ ನಮ್ಮದಂದ್ರ ಏನ್ ಮಾಡೂದ್ರಿ?"

ಚಹಾದಂಗಡಿಯವನು ನಕ್ಕು, ಮೆಟ್ರಿಕ್ ಓದಿದವರ ತಲೆಯೇ ಬೇರೆ ಎಂದ. ನನಗೊಂದು ಚಹಾ ಕೊಟ್ಟು ಹಣ ಬೇಡವೆಂದ. ನಾನು, ಹಾಗಲ್ಲ, ನಾನು ಮಾಡಿದ್ದು ತಪ್ಪು, ಅದನ್ನೇ ಹೇಳಲು ಬಂದೆ ಎಂದೆ. ದೊಡ್ಡವರು ಹಾಗೇ ಅನ್ನಬೇಕು ಬಿಡಿ ಎಂದರು. ಮತ್ತೊಮ್ಮೆ ಹೇಳಿದೆ. ಅವರಿಗೆ ಅದು ನನ್ನ ವಿನಯದ ಹಾಗೆ ಕಂಡಿತು. ಬೀಗದವನು ಮಾತ್ರ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಎದ್ದು ಹೋದ. ಆ ಚಹಾ ಕುಡಿಯಲಿಲ್ಲ. ಆದರೆ ಅದನ್ನು ಚೆಲ್ಲಿ ಜಗಳ ಮಾಡುವಷ್ಟು ಧೈರ್ಯವೂ ನನಗೆ ಬರಲಿಲ್ಲ. ಲೋಟ ಬೆಂಚಿನ ಮೇಲಿಟ್ಟು ಬಂದೆ.

ಹೊಸ ನಿಲ್ದಾಣ ತೆರೆಯಿತು. ತಗಡಿನ ಗೋಡೆ ಹೋಯಿತು. ಬಸ್ಸುಗಳು ಮರಳಿ ಬಂದವು. ನಾನು ಬಾಗಿಲ ಹತ್ತಿರ ಎರಡು ರ‍್ಯಾಕು ಸರಿಸಿ ಮಷಿನ್ ಹಿಡಿಯುವಷ್ಟು ಜಾಗ ಮಾಡಿ, ಭಾಲ್ಕಿಗೆ ಫೋನ್ ಮಾಡಿದೆ.

"ಹೇಳಿದ್ರೇನ್ರಿ?" ಎಂದು ಆಪಾ ಕೇಳಿದರು.

ಹೇಳಿದೆ ಎಂದೆ, ಎಲ್ಲರ ಎದುರೂ, ಹೂವಿನಾಕೆಯೂ ಇದ್ದಳು.

"ಅವರೇನಂದ್ರು?"

ತಪ್ಪಾಯಿತು ಅಂದರು, ನಿಮ್ಮನ್ನು ಕೇಳಿದರು, ಬಾ ಎಂದು ಹೇಳಿ ಎಂದರು, ಎಂಬ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಅಷ್ಟು ಹೇಳಿದ್ದರೆ ಆಕೆ ಬರುತ್ತಿದ್ದರು. ಈ ಸಲದ ಸುಳ್ಳಿನಿಂದ ಆಕೆಗೆ ಒಳ್ಳೆಯದೇ ಆಗುತ್ತದಲ್ಲ ಎಂದೂ ಅನ್ನಿಸಿತು. ಮೊದಲ ಸುಳ್ಳಿಗೂ ನನಗೆ ಹೀಗೇ ಒಂದು ಕಾರಣ ಸಿಕ್ಕಿತ್ತು.

"ಛಲೋ ಮಾಡಿದ್ರಿ ಅಂದ್ರು ಆಪಾ" ಎಂದೆ. ಅವರು ಆಡಿದ ಕಬ್ಜೆಯ ಮಾತನ್ನೂ ಹೇಳಿದೆ.

ಆ ಕಡೆ ರೈಲೊಂದು ಹೋಗುತ್ತಿತ್ತು. ನಾನು ಸಾಲಿನವರ ಜೊತೆ ಜಗಳವಾಡಿದೆನೇ ಎಂದು ಆಪಾ ಕೇಳುತ್ತಾರೆ ಎಂದು ಹೆದರಿದ್ದೆ. ಕೇಳಲಿಲ್ಲ.

"ಹಂಗಿದ್ರ ನಾ ಬರಂಗಿಲ್ರಿ" ಎಂದರು. "ಅವರ ನಡುವ ಹ್ಯಾಂಗ ಕೂಡ್ಲಿ?"

ನಾನು ಮತ್ತೆ ಮತ್ತೆ ಕರೆಯಲಿಲ್ಲ. ಕರೆಯುವ ಹಕ್ಕು ನನಗಿದೆ ಎನ್ನಿಸಲಿಲ್ಲ. ನಿಮ್ಮ ಮೊಣಕಾಲು ಹೇಗಿದೆ ಎಂದು ಆಪಾ ಕೇಳಿದರು. ಪರವಾಗಿಲ್ಲ ಎಂದೆ. ಫೋನ್ ಇಟ್ಟರು.

ತಲೆ ಎತ್ತಿದಾಗ ಒಬ್ಬ ಪ್ರಯಾಣಿಕ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಾಯಿ ಬಿಟ್ಟ ಬ್ಯಾಗು, ಒಳಗಿನ ಬಟ್ಟೆ ಹೊರಗೆ ಇಣುಕುತ್ತಿತ್ತು. ಇಲ್ಲಿ ಹೊಲಿಯುವ ಅಮ್ಮ ಇದ್ದರಲ್ಲ, ಎಲ್ಲಿದ್ದಾರೆ ಎಂದು ಕೇಳಿದ. ಭಾಲ್ಕಿಯಲ್ಲಿ, ರೈಲು ನಿಲ್ದಾಣದ ಹತ್ತಿರ ಎಂದು ಮನೆಯ ಗುರುತು ಹೇಳಿದೆ. ಅವನು ಭಾಲ್ಕಿಗೇ ಹೊರಟವನು. ಒಳ್ಳೆಯದಾಯಿತು, ಅಲ್ಲೇ ಮಾಡಿಸುತ್ತೇನೆ ಎಂದ. ಇಷ್ಟು ಒಳ್ಳೆಯ ಜಾಗ ಬಿಟ್ಟು ಯಾಕೆ ಹೋದರು ಎಂದು ಸುಮ್ಮನೆ ಕೇಳಿದ.

ಅವನ ಬಸ್ಸಿನ ಎಂಜಿನ್ ಶುರುವಾಗಿತ್ತು, ಕಂಡಕ್ಟರ್ ಕೂಗುತ್ತಿದ್ದ. ನಾನು ಹೇಳತೊಡಗಿದೆ. ಅವನು ಅರ್ಧ ಕೇಳಿ ಬ್ಯಾಗನ್ನು ಎದೆಗೆ ಒತ್ತಿ ಹಿಡಿದುಕೊಂಡು ಓಡಿದ. ಉಳಿದರ್ಧವನ್ನು ನಾನು ರಸ್ತೆಯವರೆಗೂ ಅವನ ಹಿಂದೆ ಹೋಗಿ ಹೇಳಿದೆ.